ತೃಪ್ತಿಯ ಹೊಸ ಮೈಕ್

ಕುಂಬಳೆಯಲ್ಲಿ ಬಸ್ಸು ಹತ್ತಿದ ಇಬ್ಬರು ಹೆಂಗಸರು ಶ್ರೀರಂಜಿನಿಯ ಮುಂದಿನ ಸೀಟಿನಲ್ಲಿ ಕುಳಿತರು. ಹಿರಿಯಾಕೆ ಪಿಸುದನಿಯಲ್ಲಿ ಟಿಕೆಟು ಕೇಳಿದ್ದು ಕಂಡಕ್ಟರಿಗೆ ಕೇಳಿಸದೆ, ಕಿರಿಯವಳೇ "ಎರಡು ಬಂದ್ಯೋಡು" ಎನ್ನಬೇಕಾಯಿತು.

"ಶಂಕರಿ ಅಕ್ಕ, ಭಜನೆ ರೆಕಾರ್ಡಿಂಗಿಗೆ ಈ ಸಲ ನೀವು ಮುಂದೆ ಹೇಳಿ, ನಾನು ಹಿಂದಿನಿಂದ ಹೇಳ್ತೇನೆ."

"ನನ್ನ ಈ ಗಂಡುಸ್ವರದಲ್ಲಾ? ನಿನಗೆ ಮರ್ಲಾ, ತಲೆ ಸರಿ ಉಂಟಾ ತೃಪ್ತಿ?"

"ನಾನು ತಂದ ಮೈಕ್ ಕಡಿಮೆ ಕ್ರಯದ್ದಲ್ವಾ, ಏರುಸ್ವರವನ್ನು ಇನ್ನೂ ಹರಿತ ಮಾಡ್ತದೆ. ನಾನು ಹಾಡಿದ್ರೆ ಸ್ಟೀಲ್ ತಟ್ಟೆ ಕೆರೆದ ಹಾಗೆ."

"ನಾನು ಹಾಡಿದ್ರೆ?"

"ನಿಮ್ಮ ದಪ್ಪ ಸ್ವರಕ್ಕೆ ಆ ಹರಿತ ಬೇಕೇ ಬೇಕು. ಒಂದೊಂದು ಅಕ್ಷರವೂ ಬಿಡಿಸಿ ಕೇಳ್ತದೆ. ಮೊನ್ನೆ ನೀವು ಹಾಡಿದ್ದು ಮೊಬೈಲಲ್ಲಿ ಉಂಟು, ಕೇಳಿ."

ಶಂಕರಿ ಇಯರ್‌ಫೋನ್ ಕಿವಿಗಿಟ್ಟುಕೊಂಡರು. ಏನೂ ಕೇಳಿಸದಿದ್ದರೂ ಶ್ರೀರಂಜಿನಿ ಮುಂದಕ್ಕೆ ಬಾಗಿದಳು.

"ಬಳೆಯ ಶಬ್ದವೂ ಬರ್ತದಲ್ಲ."

"ಅದು ಎಂತದನ್ನೂ ಬಿಡುವುದಿಲ್ಲ. ನಾಳೆ ಬಳೆ ತೆಗೆದಿಟ್ಟು ಬನ್ನಿ."

"ಶಾಲೆಯಲ್ಲಿ ಟೀಚರು, ನೀನು ಬಾಯಿ ಮಾತ್ರ ಆಡಿಸು ಅಂತಿದ್ರು."

"ಅವರ ಹತ್ರ ಈ ಮೈಕ್ ಇರ್ಲಿಲ್ಲ."

ಶಂಕರಿ ನಕ್ಕರು. ಬಂದ್ಯೋಡು ಬಂತು. ತೃಪ್ತಿ ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತು, "ಇಳೀಲಿಕ್ಕುಂಟು" ಎಂದರು.

ಹಿಂದಿನ ಬಾಗಿಲಲ್ಲಿದ್ದ ಕಂಡಕ್ಟರು ಅಲ್ಲಿಂದಲೇ ಬೆಲ್ಲು ಹೊಡೆದ.