ದಿಣ್ಣೆ ಮೇಲಿನ ಜೇಕು

...ಮಳೆ ಮಳೆ ಅಂತ ಕುಣೀಬ್ಯಾಡ್ರೋ, ಕೂತ್ಕೊಳ್ಳಿ ಸುಮ್ಕೆ. ಇಂಥ ಮಳೆ ಕಂಡಿದೀನಿ ನಾನು. ಎಮರ್ಜೆನ್ಸಿ ಮುಗಿದ ಮೇಲೆ, ಎಪ್ಪತ್ತೇಳೋ ಎಪ್ಪತ್ತೆಂಟೋ, ಯಾವುದೋ ಒಂದು ಬುಡಿ, ಮೂರು ವರ್ಷ ಬಿಡದಂಗೆ ಹುಯ್ತು. ನಮ್ಮ ಹುಳಿಯಾರು ದಿಕ್ಕಿನಾಗೆ ಮಳೆ ಒಬ್ಬರ ಹೊಲಕ್ಕೆ ಬಂದ್ರೆ ಇನ್ನೊಬ್ಬರ ಹೊಲಕ್ಕಿಲ್ಲ, ಅಂಥಾ ಕಡೆ ಕೆರೆ ಕೋಡಿ ಬಿತ್ತು, ಬಾವೀಲಿ ಬಗ್ಗಿ ಚೊಂಬಲ್ಲೇ ನೀರು ಮೊಗೆಯೋದು! ನಮ್ಮ ದಿಣ್ಣೆ ಹೊಲ ಇತ್ತಲ್ಲ, ಬರೀ ನೊರಜುಗಲ್ಲು, ಅಲ್ಲಿ ಹಂಚಿಕಡ್ಡಿ ಹುಲ್ಲು ಬೆಳೆಯೋದು. ಎಳೇದಿದ್ದಾಗ ದನ ಮೇಯೋವು, ಒಣಗಿದ ಮೇಲೆ ಪೊರಕೆ ಕಟ್ಟೋದು, ಆ ಪೊರಕೆ ಇಲ್ದೆ ರಾಗಿ ಕಣ ಗುಡಿಸೋಕಾಗಲ್ಲ. ತವರಿಂದ ನಮ್ಮಪ್ಪ ಹೊಡ್ಕೊಂಡ್ಬಂದು ಕೊಟ್ಟಿದ್ದ ಹಸ ಗೌರಿ ಬದುಕಿದ್ದೇ ಆ ಹುಲ್ಲಿನ ಮೇಲೆ, ನಿಮ್ಮಪ್ಪ ಕುಡಿದು ಬೆಳೆದಿದ್ದು ಅದರ ಹಾಲು. ಮಳೆ ಹಿಡೀತು ನೋಡು, ಹಂಚಿ ಬುಡ ಕೊಳೀತು. ಅದರ ಜಾಗಕ್ಕೆ ಜೇಕು ಬಂತು, ಗದ್ದೆ ಬದೀಲಿ ನೀರು ನಿಂತ ಕಡೆ ಬೆಳೀತದಲ್ಲ, ಆ ಹುಲ್ಲು. ಕಪ್ಪೆ ಬಂದ್ವು, ಬೆಳ್ಳಕ್ಕಿ ಬಂದ್ವು, ಕೊನೇಗೆ ನಮ್ಮ ಭಾವಂಗೆ, ನಿಮ್ಮ ತಾತನ ಅಣ್ಣಂಗೆ, ಬುದ್ಧಿ ಬಂತು. ಹ್ಞೂಂ, ಅದನ್ನ ಬುದ್ಧಿ ಅನ್ನೋದಾದ್ರೆ!

ತುರುವೇಕೆರೆ ನೆಂಟರ ತೋಟ ನೋಡ್ಕೊಂಡು ಬಂದು, ಹೆಗಲ ಟವೆಲ್ ಒದರಿ, "ಜೇಕು ಬಂದ ಕಡೆ ಕೆಳಗೆ ನೀರದೆ, ಹಿರೀಕರು ಹೇಳವ್ರೆ. ಹುಲ್ಲು ಅಗೆದು ಬಿಸಾಕಿ ದಿಣ್ಣೆ ತುಂಬ ತೆಂಗಿನ ಸಸಿ ಇಡಾನ" ಅಂದ್ರು. ನಾನು ಬಾಗ್ಲ ಹಿಂದಿಂದ್ಲೇ, "ಭಾವ, ಜೇಕು ಮಳೆಗೆ ಬಂದೈತೆ, ಮಳೆ ಜೊತೇಲೇ ಹೋಯ್ತದೆ. ಅಂಚಲ್ಲಿ ಒಂದಿಷ್ಟು ಹಂಚಿ ಉಳಿದೈತೆ, ಅದನ್ನಾದ್ರೂ ಬುಡಿ, ಹಸ ಏನು ತಿಂತದೆ?" ಅಂದೆ. "ತೆಂಗು ಫಲಕ್ಕೆ ಬರ್ಲಿ, ಹಸ ಏನು, ಆನೇನೇ ಕಟ್ಟಾನ, ಸುಮ್ಕಿರಮ್ಮ!" ಆನೆಯಂತೆ ಆನೆ! ಉಳಿದಿದ್ದ ಹಂಚೀನೂ ಬೇರು ಸಮೇತ ಅಗೆಸಿ ಸಸಿ ಇಡಿಸಿದ್ರು.

ನಾಲ್ಕನೇ ವರ್ಷ ಮಳೆ ತನ್ನ ದಾರಿ ಹಿಡೀತು. ಜೇಕೂ ಇಲ್ಲ, ಕಪ್ಪೇನೂ ಇಲ್ಲ, ಸಸಿ ಒಣಗಿದ್ವು. ಬಿಂದಿಗೇಲಿ ನೀರು ಹೊತ್ತೋರು ಯಾರು? ಭಾವನಾ? ನಾನು! ಹಂಚಿ ಹುಲ್ಲು ಒಂದು ಕಡ್ಡಿ ವಾಪಸ್ ಬರಲಿಲ್ಲ ಕಣ್ರೋ. ಬಂದಿದ್ದು ಪಾರ್ಥೇನಿಯಂ ಗಿಡ, ಗೌರಿ ಮೂಸಿ ಮುಖ ತಿರುಗಿಸೋದು. ಮೂಳೆ ಎದ್ದು ಬಂದ್ವು ಅದಕ್ಕೆ. ತವರಿಗೇ ಹೊಡ್ಕೊಂಡೋಗಿ ಬುಟ್ಟು ಬಂದೆ, ದಾರಿ ಉದ್ದಕ್ಕೂ ಅತ್ತೆ. ನಿಮ್ಮಪ್ಪ ಲೋಟ ಹಿಡ್ಕೊಂಡು ಕೊಟ್ಟಿಗೆ ಬಾಗ್ಲಲ್ಲೇ ಕೂತಿರೋನು.

ಆಮೇಲೆ ರಾಗಿ ಒಕ್ಕಣೆಗೆ ಭಾವ ಬಂದು, ಏನೂ ಆಗೇ ಇಲ್ಲ ಅನ್ನೋ ಹಂಗೆ, "ಹಂಚಿಕಡ್ಡಿ ಪೊರಕೆ ಎಲ್ಲಮ್ಮ?" ಅಂತಾರೆ! ಅವತ್ತು ನಾನು ಬಾಗ್ಲ ಹಿಂದೆ ನಿಲ್ಲಲಿಲ್ಲ. ಎದುರಿಗೇ ಬಂದು, "ಜೇಕಲ್ಲಿ ಕಟ್ಕೊಳ್ಳಿ ಭಾವ, ಹಿರೀಕರು ಹೇಳವ್ರಲ್ಲ" ಅಂದೆ. ಹೆಗಲ ಟವೆಲ್ ತೆಗೆದು ಅದ್ರಲ್ಲೇ ಕಣ ಗುಡಿಸ್ಕೊಂಡ್ರು.

ಮಳೆ ನೆಂಟ ಇದ್ದಂಗೆ ಕಣ್ರೋ. ಬಂದಾಗ ಉಣ್ಣಾಕಿಕ್ಕಿ. ಅದಕ್ಕೋಸ್ಕರ ಮನೆ ಗೋಡೆ ಒಡೀಬ್ಯಾಡಿ.