ಮಾರಿ ತಿಕ್ಕೋ ಬ್ರಶ್

ಬೇರೆಯವರ ಮಾತಿಗೆ ಕಿವಿಗೊಡುವುದು ತಪ್ಪಲ್ಲವೇ? ಆದರೆ ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಕನ್ನಡ ಕೇಳಿಬಂದಾಗ ಎದ್ದು ಹೋಗುವುದಾದರೂ ಹೇಗೆ? ಉಡುಪಿ ಹೋಟೆಲಿನವರ ಮಗ ಅಭಿಜಿತ್, ಚರ್ಮದ ಡಾಕ್ಟರ ದವಾಖಾನೆಯಲ್ಲಿ ಸರದಿ ಕಾಯುತ್ತ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಆಗಷ್ಟೇ ಒಳಗಿನಿಂದ ಬಂದ ಅತ್ತೆ ಸೊಸೆ ಮುಲಾಮಿನ ಚೀಟಿಗಾಗಿ ಪಕ್ಕದಲ್ಲೇ ಕೂತಿದ್ದರು. ಸೊಸೆಯ ಕೆನ್ನೆ ಕೆಂಪಗೆ ಸುಲಿದಿತ್ತು.

“ನಾಕು ವರ್ಷ ಆ ಕರೆಂಟಿನ ಬ್ರಶ್‌ಲೆ ಮಾರಿ ತಿಕ್ಕೊಂಡಿ. ಈಗ ಡಾಕ್ಟರು ಬ್ಯಾಡ ಅಂದ್ರಲ್ಲ ಮಂಜುಳಾ?”

“ಬ್ರಶ್ ಛಲೋನ ಐತ್ರಿ ಅತ್ತಿ. ಗಿರ್ ಅಂತ ತಿರುಗಿದ್ರ ದಿನದ ದಣಿವೆಲ್ಲ ಇಳಿತಿತ್ತು. ತಪ್ಪು ನಂದು.”

“ಬಟ್ಟಿ ಸಬಕಾರ ಹಚ್ಚಿ ತಿಕ್ಕು ಅಂತ ಡಬ್ಬಿ ಮ್ಯಾಲ ಬರದಿತ್ತೇನು?”

“ಮೈ ಸಬಕಾರಕ್ಕ ಸಿಮೆಂಟ್ ಹೋಗಂಗಿಲ್ರಿ. ಸೈಟಿನಿಂದ ಬಂದು ಹಂಗ ಮಗಳ ಸಾಲಿಗೆ ಹೆಂಗ ಹೋಗ್ಲಿ? ಉಳಿದ ತಾಯಂದ್ರ ಮಾರಿ ನೋಡೀರೇನು?”

“ನೋಡೀನಿ. ಗ್ವಾಡಿಗೆ ಸುಣ್ಣ ಬಡದಂಗ ಪೌಡರು!”

ಮಂಜುಳಾ ನಗಲು ಹೋಗಿ, ಉರಿಗೆ ಕೆನ್ನೆ ಹಿಡಿದುಕೊಂಡಳು.

“ನಾಳಿ ಮೀಟಿಂಗಿಗೆ ನಾ ಹೋಗಂಗಿಲ್ರಿ. ಈ ಮಾರಿ ಯಾರಿಗೆ ತೋರಸ್ಲಿ? ನೀವ ಹೋಗ್ರಿ.”

“ನಾನ ಬರ್ತೀನಿ ಅಂತ ಮುಂಜಾನೆನ ನಿನ್ನ ಮಗಳಿಗೆ ಹೇಳಿದ್ನೆವ್ವಾ.”

“ಏನಂದ್ಲು?”

“‘ಅಜ್ಜಿ ಬ್ಯಾಡ. ಅವ್ವನ ಬರ್ಲಿ, ಹೆಂಗಿದ್ರೂ ಬರ್ಲಿ’ ಅಂದ್ಲು.”

ಮಂಜುಳಾ ಸೆರಗನ್ನು ಕಣ್ಣಿಗೆ ಒಯ್ದಳು.

“ಏ, ತಿಕ್ಕಬ್ಯಾಡ! ಡಾಕ್ಟರು ಏನಂದಾರ?”

ಚೀಟಿ ಬಂತು. ಸೊಸೆಯ ಕೈ ಹಿಡಿದು ಅತ್ತೆ ಮೆಟ್ಟಿಲಿಳಿದಳು.

ತನ್ನ ಪದವಿ ಪ್ರದಾನದ ದಿನ, ಹೋಟೆಲಿನ ಹಿಂದೆ ಹಿಟ್ಟು ರುಬ್ಬುತ್ತಿದ್ದ ಅಮ್ಮನಿಗೆ ಅಭಿಜಿತ್ ‘ನೀನೂ ಬಾ’ ಎಂದು ಹೇಳಿರಲಿಲ್ಲ.