ಎರಡು ದೂರುಗಳ ಒಂದೇ ಬೆಕ್ಕು

ಹೆಸರು: ದೂರಿನಲ್ಲಿ ಬರೆದಿರುವಂತೆ. ಓಣಿಯಲ್ಲಿ ಎಲ್ಲರೂ ಕರೆಯುವುದು ಕೀಲಿಯಣ್ಣ ಎಂದು. ವಯಸ್ಸು: ಐವತ್ತೆರಡು. ಉದ್ಯೋಗ: ಬೀಗ ರಿಪೇರಿ, ಕೀ ಮಾಡುವುದು. ವಾಸ: ಅಂಚೆ ಕಚೇರಿಯ ಹಿಂದಿನ ಓಣಿ, ಎರಡಂತಸ್ತಿನ ಮನೆಯ ಕೆಳಭಾಗ.

ಠಾಣೆಯ ರೈಟರ್ ಎದುರು ಕುಳಿತು, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ, ಮೇಲಿನ ವಿಳಾಸದಲ್ಲಿ ನಾನು ಹೆಂಡತಿಯೊಂದಿಗೆ ವಾಸವಾಗಿದ್ದೇನೆ. ಮಹಡಿಯ ಮೇಲೆ ನನ್ನ ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ. ತಮ್ಮ ಬಸ್ ಡ್ರೈವರ್. ಎರಡು ವರ್ಷದ ಹಿಂದೆ ನಮ್ಮ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯ ರಾತ್ರಿ ಯಾರು ಪಕ್ಕದಲ್ಲಿರಬೇಕಿತ್ತು ಎಂದು ಮಾತಿಗೆ ಮಾತು ಬೆಳೆದು, ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಮನೆಯೊಳಗಿನ ಮೆಟ್ಟಿಲ ಬಾಗಿಲಿಗೆ ಬೀಗ ಬಿತ್ತು. ಅದರ ಕೀ ಕಳೆದುಹೋಗಿದೆ ಎಂದು ಇಬ್ಬರೂ ಹೇಳಿಕೊಂಡು ಬಂದಿದ್ದೇವೆ. ಊರಿಗೆಲ್ಲ ಕೀ ಮಾಡಿಕೊಡುವವನ ಮನೆಯಲ್ಲೇ ಈ ಪರಿಸ್ಥಿತಿ ಎಂದು ಓಣಿಯವರು ನಗುತ್ತಾರೆ. ನಗಲಿ.

ಸದರಿ ಬಾಗಿಲಿನ ಕೆಳಗೆ ಗೇಣಗಲದ ಸಂದಿ ಇತ್ತು. ಅದರಲ್ಲಿ ಓಡಾಡುತ್ತಿದ್ದುದು ತಾಯಿ ಸಾಕಿದ ಬೆಕ್ಕು ಮಾತ್ರ. ಬಣ್ಣ ಬೂದು, ಎಡಗಿವಿಯ ತುದಿ ಹರಿದಿದೆ. ನನ್ನ ಅಂಗಡಿಯ ಗಲ್ಲಾದ ಮೇಲೆ ಕುಳಿತು ಗಿರಾಕಿಗಳನ್ನು ದುರುಗುಟ್ಟಿ ನೋಡುತ್ತಿದ್ದುದರಿಂದ ನಾವು ಅದನ್ನು ಮ್ಯಾನೇಜರ್ ಎನ್ನುತ್ತಿದ್ದೆವು. ಮೇಲಿನವರು ಬೆಣ್ಣೆ ಎನ್ನುತ್ತಿದ್ದರಂತೆ. ಅದು ಎರಡು ಕಡೆಯೂ ಹೊಟ್ಟೆ ತುಂಬ ತಿಂದು, ಎರಡು ಕಡೆಯೂ ಹಸಿದ ಮುಖ ಮಾಡುತ್ತಿತ್ತು.

ಕಳೆದ ಸೋಮವಾರ ತಮ್ಮನ ಹೆಂಡತಿ, ಇಲಿ ಬರುತ್ತದೆಂದು ಬಡಗಿಯನ್ನು ಕರೆಸಿ ಆ ಸಂದಿಗೆ ಹಲಗೆ ಹೊಡೆಸಿದಳು. ಬೆಕ್ಕಿರುವ ಮನೆಗೆ ಇಲಿಯ ಭಯವೇನು ಎಂದು ನಾನು ಕೇಳಲಿಲ್ಲ, ಮಾತಿಲ್ಲವಲ್ಲ. ಸಂಜೆ ಬೆಕ್ಕು ಹಲಗೆಯ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದು, ಕಿಟಕಿಯಿಂದ ಹೊರಗೆ ಹೋಯಿತು. ಮತ್ತೆ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಮೇಲಿನವರು ಮ್ಯಾನೇಜರನ್ನು ಕೂಡಿಹಾಕಿಕೊಂಡಿದ್ದಾರೆ ಎಂದು ಇದೇ ಠಾಣೆಯಲ್ಲಿ ದೂರು ಕೊಟ್ಟೆನು. ಹನ್ನೆರಡಕ್ಕೆ ತಮ್ಮ ಬಂದು, ಕೆಳಗಿನವರು ಬೆಣ್ಣೆಯನ್ನು ಬಚ್ಚಿಟ್ಟಿದ್ದಾರೆ ಎಂದು ದೂರು ಕೊಟ್ಟನು. ಎರಡು ಬೆಕ್ಕು ಕಾಣೆಯಾಗಿವೆ ಎಂದು ಠಾಣೆಯವರು ತಿಳಿದುಕೊಂಡಿದ್ದರಲ್ಲಿ ಅವರ ತಪ್ಪಿಲ್ಲ.

ನನ್ನ ಹೆಂಡತಿ ಸರಿಯಾಗಿ ಊಟ ಮಾಡುವುದನ್ನು ಬಿಟ್ಟಳು. ಅತ್ತೆ ಬಿಟ್ಟುಹೋದ ಜೀವ ಅದೊಂದೇ ಎಂದಳು. ಪ್ರಾಣಿಗಳೊಡನೆ ಮನಸ್ಸಿನಲ್ಲೇ ಮಾತಾಡುತ್ತಾರೆ ಎನ್ನಲಾದ ಒಬ್ಬ ಮೇಡಂಗೆ ಅವಳು ಬೆಕ್ಕಿನ ಫೋಟೊ ಕಳಿಸಿದಳು. ಅವರು ಶುಕ್ರವಾರ ಸಂಜೆ ಆರಕ್ಕೆ, ಸಲೂನಿನ ಮೇಲಿರುವ ಕೋಣೆಗೆ ಬರಹೇಳಿದರು. ಹೋಗಿ ನೋಡಿದರೆ ಬೆಂಚಿನ ಮೇಲೆ ತಮ್ಮ ಮತ್ತು ಅವನ ಹೆಂಡತಿ ಮೊದಲೇ ಕುಳಿತಿದ್ದರು. ಅವರೂ ಫೋಟೊ ಕಳಿಸಿದ್ದರಂತೆ. ಹರಿದ ಕಿವಿ ಗುರುತಿಸಿ ಮೇಡಂ ಎರಡೂ ಮನೆಯವರನ್ನು ಒಂದೇ ಹೊತ್ತಿಗೆ ಕರೆಸಿದ್ದರು.

ಮೇಡಂ ಕಣ್ಣು ಮುಚ್ಚಿ ಕುಳಿತು, ಬೆಕ್ಕು ನೀರಿನ ಹತ್ತಿರ, ಹಸಿರು ಎಲೆಗಳ ನಡುವೆ ಇದೆ ಎಂದರು. ಇದು ಪೂರ್ತಿ ತಪ್ಪೆಂದು ನಂತರ ತಿಳಿಯಿತು. ಆಮೇಲೆ, ಎರಡು ಕಡೆಯಿಂದ ಎರಡು ಹೆಸರು ಕೂಗುತ್ತಿದ್ದಾರೆ, ಯಾವ ಕಡೆ ಹೋಗಲಿ ಎಂದು ಬೆಕ್ಕು ಕೇಳುತ್ತಿದೆ ಎಂದರು. ಎರಡು ಮನೆಯವರ ಮುಖ ನೋಡಿದ ಯಾರಾದರೂ ಇಷ್ಟು ಹೇಳಬಹುದು ಎಂದು ನಾನು ಅಂದುಕೊಂಡೆನು. ಬೆಕ್ಕಿಗೆ ಮೊಟ್ಟಮೊದಲು ಅನ್ನ ಹಾಕಿದವರು ಏನೆಂದು ಕರೆಯುತ್ತಿದ್ದರು ಎಂದು ಮೇಡಂ ಕೇಳಿದರು. ತಾಯಿ ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು "ಬಾರೋ, ತಣ್ಣಗಾಗ್ತಿದೆ" ಎನ್ನುತ್ತಿದ್ದರು, ಅಷ್ಟೆ. ಚಿಕ್ಕಂದಿನಲ್ಲಿ ಓಣಿಯಲ್ಲಿ ಆಡುತ್ತಿದ್ದ ನಮ್ಮಿಬ್ಬರನ್ನೂ ಹಾಗೆಯೇ ಕರೆಯುತ್ತಿದ್ದರು. ಇದನ್ನು ಹೇಳಲು ತಮ್ಮನೂ ನಾನೂ ಒಟ್ಟಿಗೆ ಬಾಯಿ ತೆರೆದೆವು, ಒಟ್ಟಿಗೆ ಸುಮ್ಮನಾದೆವು. ಕೊನೆಗೆ ನನ್ನ ಹೆಂಡತಿ ಹೇಳಿದಳು. ಹಾಗಾದರೆ ಬೆಳಗಿನ ಜಾವ ಓಣಿಯ ಎರಡು ತುದಿಯಲ್ಲಿ ನಿಂತು ಅದೇ ಮಾತಿನಲ್ಲಿ ಕರೆಯಿರಿ ಎಂದು ಮೇಡಂ ಸೂಚಿಸಿದರು.

ಶನಿವಾರ ಬೆಳಗಿನ ಐದೂವರೆಗೆ ನಾನು ಹಾಲಿನ ಬೂತಿನ ತುದಿಯಲ್ಲಿ, ತಮ್ಮ ಟೈರ್ ಅಂಗಡಿಯ ತುದಿಯಲ್ಲಿ ನಿಂತೆವು. ನಡುವಿನ ದೂರ ಸುಮಾರು ಇನ್ನೂರು ಮೀಟರ್. ನನ್ನ ಕೈಯಲ್ಲಿ ಟಾರ್ಚ್ ಮತ್ತು ಮೀನಿನ ತಟ್ಟೆ ಇದ್ದವು. ಆ ಮಾತಿನಲ್ಲಿ ಕರೆಯಲು ನನ್ನಿಂದಾಗಲಿಲ್ಲ. ಅದಕ್ಕೇ ಕರೆಯುವ ಬದಲು ಮುಚ್ಚಿದ ಅಂಗಡಿಗಳ ಶಟರ್ ಕೆಳಗೆ ಬಗ್ಗಿ, ಟಾರ್ಚಿನ ಬೆಳಕು ಬಿಟ್ಟು ನೋಡುತ್ತಿದ್ದೆನು. ಆಗ ಗಸ್ತಿನ ಜೀಪು ಬಂದಿತಂತೆ. ಕೀ ಮಾಡುವವನು ಆ ಹೊತ್ತಿನಲ್ಲಿ ಬೇರೆಯವರ ಶಟರ್ ತಡಕಾಡುತ್ತಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು ಟೈರ್ ಅಂಗಡಿಯ ಕಡೆಗೆ ಓಡಿದ್ದೂ ನಿಜ, ಪೇದೆಯವರು ಬೆನ್ನಟ್ಟಿ ಬಂದದ್ದೂ ನಿಜ. ನಾನು ತಮ್ಮನ ಪಕ್ಕ ಹೋಗಿ ನಿಂತ ಮೇಲೆ ಹಳೆಯ ಟೈರುಗಳ ರಾಶಿಯೊಳಗಿಂದ ಬೆಕ್ಕು ಹೊರಬಂದಿತು. ನೀರೂ ಇರಲಿಲ್ಲ, ಎಲೆಯೂ ಇರಲಿಲ್ಲ. ಮೊದಲು ತಮ್ಮನ ತಟ್ಟೆಯದನ್ನು, ಆಮೇಲೆ ನನ್ನ ತಟ್ಟೆಯಲ್ಲಿ ಚೆಲ್ಲದೆ ಉಳಿದದ್ದನ್ನು ತಿಂದಿತು. ಅದು ಪೇದೆಯವರ ಕೈ ಪರಚಿದ್ದಕ್ಕೆ ಎರಡೂ ಮನೆಯವರು ಕ್ಷಮೆ ಕೇಳುತ್ತೇವೆ.

ಅಂದೇ ಹಲಗೆ ಕೀಳಿಸಿ, ಮೆಟ್ಟಿಲ ಬಾಗಿಲಿಗೆ ಎರಡು ಕೀ ಮಾಡಿದ್ದೇನೆ. ಒಂದು ಮೇಲಿದೆ, ಒಂದು ಕೆಳಗಿದೆ. ದೂರು ಹಿಂದಕ್ಕೆ ಪಡೆಯುತ್ತೇನೆ.

ಪೊಲೀಸರನ್ನು ಕಂಡು ಏಕೆ ಓಡಿದಿರಿ ಎಂದು ಈಗ ಕೇಳಿದ್ದಕ್ಕೆ ಉತ್ತರ: ನಾನು ಜೀಪನ್ನು ನೋಡಿಯೇ ಇರಲಿಲ್ಲ. ಓಣಿಯ ಆ ತುದಿಯಿಂದ ತಮ್ಮ "ಬಾರೋ, ತಣ್ಣಗಾಗ್ತಿದೆ" ಎಂದು ಕೂಗಿದನು. ಬೆಕ್ಕನ್ನು ಕರೆಯುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ. ಊಟಕ್ಕೆ ಕರೆದ ಹಾಗಾಯಿತು, ಹೋದೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನ: ಭಾನುವಾರ, ಬೆಳಿಗ್ಗೆ ಹತ್ತು ಗಂಟೆ
ಸಹಿ: ಕೀಲಿಯಣ್ಣ
ಸಾಕ್ಷಿಯ ಸಹಿ: ತಮ್ಮ, ಮೇಲ್ಮಹಡಿ